ಗೆರೆಯೊಳಗಿನ ಭಾಗ

ಬಲ್ಮಠದ ಆ ಫೋಟೋ ಫ್ರೇಮ್ ಅಂಗಡಿಗೆ ನಾನು ಮಾಡುತ್ತಿದ್ದ ವೆಬ್‌ಸೈಟಿನಲ್ಲಿ ಉಳಿದಿದ್ದದ್ದು ಒಂದೇ ಕೆಲಸ. ಗ್ರಾಹಕರು ತಮ್ಮ ಫೋಟೋ ಹಾಕಬೇಕು, ಅದರ ಮೇಲೆ ಬೆರಳಿಟ್ಟು ಎಳೆದು ಒಂದು ಚೌಕ ಮಾಡಬೇಕು, ಚೌಕದೊಳಗಿನ ಚಿತ್ರ ಮಾತ್ರ ನಮಗೆ ಬರಬೇಕು. ಕೇಳಲಿಕ್ಕೆ ಮಕ್ಕಳಾಟ. ನಾನೂ ಧಣಿಯ ಹತ್ತಿರ ಹಾಗೆಯೇ ಹೇಳಿದ್ದೆ, ಸ್ವಲ್ಪ ಜಂಬದಿಂದಲೇ.

ಧಣಿ ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಅಂಗಡಿ ಅವರ ತಂದೆಯ ಕಾಲದ್ದು. ಅವರ ತೊಂದರೆ ಏನೆಂದರೆ, ಜನ ತರುವ ಫೋಟೋ ಯಾವತ್ತೂ ಫ್ರೇಮಿನ ಅಳತೆಗೆ ಇರುವುದಿಲ್ಲ. ಅದರಲ್ಲೂ ತೀರಿಕೊಂಡವರ ಫೋಟೋ. ಬದುಕಿದ್ದಾಗ ಒಬ್ಬರೇ ಕೂತು ಚಂದದ ಫೋಟೋ ತೆಗೆಸಿಕೊಂಡವರು ನಮ್ಮಲ್ಲಿ ಎಷ್ಟು ಜನ? ಆಧಾರ್ ಕಾರ್ಡಿನದ್ದೊಂದು ಬಿಟ್ಟರೆ ಉಳಿದದ್ದೆಲ್ಲ ಯಾರದ್ದೋ ಮದುವೆಯ ಗುಂಪಿನಲ್ಲಿ, ಯಾರದ್ದೋ ಮಗುವನ್ನು ಎತ್ತಿಕೊಂಡದ್ದು, ಹಿಂದೆ ಐಸ್‌ಕ್ರೀಮಿನ ಕೌಂಟರು. ಹಾಗಾಗಿ ಪ್ರಿಂಟಿಂಗ್ ನೋಡಿಕೊಳ್ಳುವ ಅಕ್ಕ ದಿನವಿಡೀ ವಾಟ್ಸ್ಆ್ಯಪಿನಲ್ಲಿ ‘ಎಡಗಡೆಯವರಾ, ಬಲಗಡೆಯವರಾ’ ಎಂದು ಕೇಳುತ್ತ ಕೂರಬೇಕಿತ್ತು. ಸಾವಿನ ಮನೆಯವರ ಹತ್ತಿರ ಹೀಗೆ ಕೇಳುವುದು ಅವರಿಗೂ ಕಷ್ಟ, ಇವರಿಗೂ ಕಷ್ಟ. ಆ ಕೆಲಸವನ್ನು ಮನೆಯವರ ಬೆರಳಿಗೇ ಬಿಟ್ಟರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಎಂಬುದು ನಮ್ಮ ಲೆಕ್ಕಾಚಾರ.

ಮೊದಲ ಪೆಟ್ಟು ಬಿದ್ದದ್ದು ಆ ಬೆರಳಿನಿಂದಲೇ. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಎಳೆದರೆ ಚೌಕ ಸಲೀಸಾಗಿ ಬರುತ್ತಿತ್ತು. ಮೊಬೈಲಿನಲ್ಲಿ ಎಳೆದರೆ ಚೌಕದ ಬದಲು ಇಡೀ ಪುಟವೇ ಮೇಲೆ ಕೆಳಗೆ ಸರಿಯುತ್ತಿತ್ತು. ಬೆರಳು ಎಳೆಯುವುದು ಪುಟ ಸರಿಸಲಿಕ್ಕೆ ಎಂದಷ್ಟೇ ಬ್ರೌಸರಿಗೆ ಗೊತ್ತು. ಈ ಚಿತ್ರದ ಮೇಲೆ ಮಾತ್ರ ಬೆರಳು ನನ್ನದು, ನೀನು ಸುಮ್ಮನಿರು ಎಂದು ಅದಕ್ಕೆ ಬೇರೆಯಾಗಿ ಹೇಳಬೇಕು. ಹೇಳಿದೆ. ಆಮೇಲೆ ಕೆಲವು ಫೋಟೋಗಳು ಅಡ್ಡ ಮಲಗಿಕೊಂಡವು. ಮೊಬೈಲನ್ನು ನಾವು ಹೇಗೆ ಹಿಡಿದರೂ ಅದು ಫೋಟೋವನ್ನು ತನ್ನಿಷ್ಟದ ದಿಕ್ಕಿನಲ್ಲೇ ಉಳಿಸಿ, ತೋರಿಸುವಾಗ ಇಷ್ಟು ತಿರುಗಿಸಬೇಕು ಎಂದು ಒಳಗೆ ಒಂದು ಸೂಚನೆ ಬರೆದಿಟ್ಟಿರುತ್ತದೆ. ನನ್ನ ಪ್ರೋಗ್ರಾಮು ಆ ಸೂಚನೆಯನ್ನು ಓದುತ್ತಿರಲಿಲ್ಲ. ಅದನ್ನೂ ಓದಿಸಿದೆ.

ಮೂರನೆಯದು ಅಳತೆ. ಪರದೆಯ ಮೇಲೆ ಅಂಗೈಯಗಲ ಕಾಣುವ ಚಿತ್ರ ನಿಜವಾಗಿ ಅದರ ಎಷ್ಟೋ ಪಟ್ಟು ದೊಡ್ಡದಿರುತ್ತದೆ. ಬೆರಳು ಚೌಕ ಎಳೆಯುವುದು ಸಣ್ಣ ಚಿತ್ರದ ಮೇಲೆ, ಕತ್ತರಿ ಬೀಳುವುದು ದೊಡ್ಡ ಚಿತ್ರದ ಮೇಲೆ. ನಡುವಿನ ಗುಣಾಕಾರ ಒಂದು ಕೂದಲೆಳೆ ತಪ್ಪಿದರೂ ಬೇರೆಲ್ಲೋ ಕತ್ತರಿ ಆಡುತ್ತದೆ. ಮೊದಲ ಸಲ ಧಣಿ ಪಣಂಬೂರು ಬೀಚಿನಲ್ಲಿ ನಿಂತ ತಮ್ಮದೇ ಫೋಟೋ ಹಾಕಿ, ತಮ್ಮ ಮುಖದ ಸುತ್ತ ಚೌಕ ಎಳೆದು ಪರೀಕ್ಷೆ ಮಾಡಿದರು. ಪ್ರಿಂಟಿನಲ್ಲಿ ಬಂದದ್ದು ಬರೀ ಆಕಾಶ. ನಾನು ಎಲ್ಲಿ ಹೋದೆ ಮಾರಾಯ ಎಂದು ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಕ್ಕೆ ಆಗಲಿಲ್ಲ. ಗುಣಾಕಾರ ಸರಿ ಮಾಡಿದೆ. ಆದರೆ ಆ ಆಕಾಶ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದೆ ಏನು ಎಡವಟ್ಟಾದರೂ ಇದೇ ಕಾರಣ ಇರಬೇಕು ಎಂದು ನಾನು ಯೋಚಿಸಿದ್ದು ಅದರಿಂದಾಗಿಯೇ.

ಎರಡು ನಿರ್ಧಾರಗಳನ್ನು ನಾನೇ ತೆಗೆದುಕೊಂಡೆ. ಒಂದು, ಕತ್ತರಿಸುವ ಕೆಲಸ ಗ್ರಾಹಕರ ಮೊಬೈಲಿನಲ್ಲೇ ಮುಗಿಯಬೇಕು, ಚೌಕದೊಳಗಿನ ತುಂಡು ಮಾತ್ರ ನಮಗೆ ಬರಬೇಕು. ಊರವರ ಮನೆಯ ಹೆಂಗಸರು ಮಕ್ಕಳ ಫೋಟೋ ನಮ್ಮ ಸರ್ವರಿನಲ್ಲಿ ಯಾಕೆ ಬಿದ್ದಿರಬೇಕು? ಇದು ಒಳ್ಳೆಯ ನಿರ್ಧಾರ ಎಂದು ಈಗಲೂ ಹೇಳುತ್ತೇನೆ. ಇನ್ನೊಂದು, ಕತ್ತರಿಸಿದ ಮೇಲೆ ಫೋಟೋ ಹೇಗೆ ಬಂತೆಂದು ತೋರಿಸುವ ಪುಟವನ್ನು ತೆಗೆದುಹಾಕಿದ್ದು. ನೆಟ್‌ವರ್ಕ್ ಸರಿಯಿಲ್ಲದ ಕಡೆ ಆ ಪುಟ ತೆರೆದುಕೊಳ್ಳಲಿಕ್ಕೆ ತಡವಾಗುತ್ತದೆ, ಜನ ಅರ್ಧಕ್ಕೇ ಬಿಟ್ಟುಹೋಗುತ್ತಾರೆ ಎಂದು ನನಗೆ ಅನ್ನಿಸಿತ್ತು. ಚೌಕದ ಒಳಗೆ ಬೆಳಕು, ಹೊರಗೆಲ್ಲ ಕಪ್ಪು. ಇದಕ್ಕಿಂತ ಹೆಚ್ಚು ಇನ್ನೇನು ತೋರಿಸಬೇಕು ಎಂಬುದು ನನ್ನ ವಾದವಾಗಿತ್ತು.

ಕೊನೆಗೆ ಉಳಿದದ್ದು ಗುಂಡಿಯ ಮೇಲಿನ ಅಕ್ಷರ. ನಾನು ‘ಕ್ರಾಪ್ ಮಾಡಿ’ ಎಂದು ಹಾಕಿದ್ದೆ. ಧಣಿ ಒಪ್ಪಲಿಲ್ಲ.

“ಕ್ರಾಪ್ ಅಂದ್ರೆ ತಲೆಕೂದಲು ಅಲ್ವಾ? ನಮ್ಮದೆಂತ ಸೆಲೂನಾ?” ಎಂದರು.

ಮಾತು ಸುಳ್ಳಲ್ಲ. ನನ್ನ ಅಜ್ಜಿಯೂ ಕ್ಷೌರದಂಗಡಿಗೆ ಕಳಿಸುವಾಗ ಕ್ರಾಪ್ ತೆಗೆಸಿಕೊಂಡು ಬಾ ಎಂದೇ ಹೇಳುತ್ತಿದ್ದರು. ಧಣಿಗೆ ಶುದ್ಧ ಕನ್ನಡ ಬೇಕು, ಓದಿದ ತಕ್ಷಣ ಎಲ್ಲರಿಗೂ ಅರ್ಥವಾಗಬೇಕು. ಅಂಗಡಿಯಲ್ಲಿ ಮೂವರೂ ಕೂತು, ಚಾ ಕುಡಿಯುತ್ತ, ಅದು ಇದು ಹೇಳಿ, ಕೊನೆಗೆ ‘ಗೆರೆಯೊಳಗಿನ ಭಾಗವನ್ನು ಕತ್ತರಿಸಿ’ ಎಂಬುದಕ್ಕೆ ಬಂದು ನಿಂತೆವು. ಪ್ರಿಂಟಿಂಗಿನ ಅಕ್ಕ ಎರಡು ಸಲ ಓದಿ ಚಂದ ಉಂಟು ಎಂದರು. ವ್ಯಾಕರಣದಲ್ಲಿ ತಪ್ಪಿಲ್ಲ, ಕಾಗುಣಿತದಲ್ಲಿ ತಪ್ಪಿಲ್ಲ. ಬರೆದವರು ನಾವು ಮೂವರು, ಪರೀಕ್ಷೆ ಮಾಡಿದವರೂ ನಾವೇ. ಚೌಕದೊಳಗೆ ಏನಿರಬೇಕೆಂದು ನಮಗೆ ಮೊದಲೇ ಗೊತ್ತಿತ್ತು.

ಪುಟ ಶುರುವಾದ ಕೆಲವೇ ದಿನಗಳಲ್ಲಿ ವಿಚಿತ್ರ ಫೋಟೋಗಳು ಬರತೊಡಗಿದವು. ಒಂದು ಆರ್ಡರಿನಲ್ಲಿ ಬಂದದ್ದು ಖಾಲಿ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಗೋಡೆ. ಇನ್ನೊಂದರಲ್ಲಿ ಯಾರದ್ದೋ ಮೊಣಕೈ ಮತ್ತು ಅರ್ಧ ಹೊಟ್ಟೆ. ಮತ್ತೊಂದರಲ್ಲಿ ಕಿಟಕಿಯ ಪರದೆ, ಪರದೆಯ ಹಿಂದೆ ಇಣುಕುವ ಬೆಕ್ಕು. ಪ್ರಿಂಟಿಂಗಿನ ಅಕ್ಕ ನಗುತ್ತಲೇ ಆ ಮನೆಗಳಿಗೆ ಫೋನ್ ಮಾಡಿ ಪೂರ್ತಿ ಫೋಟೋ ವಾಟ್ಸ್ಆ್ಯಪಿಗೆ ತರಿಸಿಕೊಂಡು ಹಳೆಯ ಕ್ರಮದಲ್ಲೇ ಕತ್ತರಿಸಿ ಕೊಟ್ಟರು. ನಿನ್ನ ಕತ್ತರಿಗೆ ಕಣ್ಣಿಲ್ಲ ಎಂದು ನನ್ನನ್ನು ಕಿಚಾಯಿಸಿದರು.

ನನಗೆ ಆಕಾಶದ ನೆನಪಾಯಿತು. ಮತ್ತೆ ಗುಣಾಕಾರವೇ ಎಲ್ಲೋ ತಪ್ಪುತ್ತಿದೆ ಎಂದು ಹಟ ಹಿಡಿದು ಕೂತೆ. ಸಿಕ್ಕಿದ ಮೊಬೈಲುಗಳಲ್ಲೆಲ್ಲ ಪರೀಕ್ಷೆ ಮಾಡಿದೆ. ತಂಗಿಯದ್ದು, ಪಕ್ಕದ ಮನೆಯವರದ್ದು, ತೊಕ್ಕೊಟ್ಟಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನ ಕಪಾಟಿನಲ್ಲಿದ್ದ ಹಳೆಯ ಸೆಟ್ಟುಗಳು. ಪರದೆ ಒಡೆದದ್ದನ್ನೂ ಬಿಡಲಿಲ್ಲ. ಎಲ್ಲದರಲ್ಲೂ ನಾನು ಎಳೆದಲ್ಲೇ ಕತ್ತರಿ ಬೀಳುತ್ತಿತ್ತು. ತಪ್ಪು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಬೆರಳು ಜಾರಿರಬೇಕು, ಜನಕ್ಕೆ ಎಳೆಯಲಿಕ್ಕೆ ಬರುವುದಿಲ್ಲ, ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಧಣಿಗೆ ಹೇಳಿ ಸುಮ್ಮನಾದೆ.

ಹೀಗಿರುವಾಗ ಒಂದು ಸಂಜೆ ಅಂಗಡಿಯಿಂದ ಹೊರಡುವ ಹೊತ್ತಿಗೆ ಧಣಿ ಕಂದು ಕಾಗದದಲ್ಲಿ ಸುತ್ತಿದ ದೊಡ್ಡ ಫ್ರೇಮೊಂದನ್ನು ನನ್ನ ಕೈಗೆ ಕೊಟ್ಟರು. ತಲುಪಿಸುವವನು ರಜೆಯಲ್ಲಿದ್ದ. ಜೆಪ್ಪುವಿನ ಒಂದು ಮನೆಗೆ ಮರುದಿನ ಬೆಳಿಗ್ಗೆಯೇ ಮುಟ್ಟಬೇಕು, ಅಲ್ಲಿ ಉತ್ತರಕ್ರಿಯೆ ಉಂಟು, ನೀನು ತೊಕ್ಕೊಟ್ಟಿನಿಂದ ಬರುವಾಗ ಹೇಗೂ ಆ ದಾರಿಯಲ್ಲೇ ಅಲ್ವಾ ಎಂದರು. ನನಗೂ ಖುಷಿಯೇ ಆಯಿತು. ನಾನು ಮಾಡಿದ ಪುಟದಿಂದ ಬಂದ ಆರ್ಡರು, ನನ್ನ ಕೈಯಿಂದಲೇ ಮುಟ್ಟಲಿ ಅನ್ನಿಸಿತು. ಫ್ರೇಮನ್ನು ಮನೆಯ ಚಾವಡಿಯ ಗೋಡೆಗೆ ಒರಗಿಸಿಟ್ಟು, ಬೆಳಿಗ್ಗೆ ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ನೇತ್ರಾವತಿ ಸೇತುವೆ ದಾಟಿದೆ.

ಜೆಪ್ಪುವಿನ ಆ ಮನೆ ಓಣಿಯ ಕೊನೆಯಲ್ಲಿತ್ತು. ಅಂಗಳಕ್ಕೆ ಶಾಮಿಯಾನ ಹಾಕಿ ಕುರ್ಚಿ ಹರಡಿದ್ದರು. ಹಿತ್ತಿಲ ಕಡೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಗಂಡಸರೆಲ್ಲ ಅತ್ತ ಅಡುಗೆಯ ಕಡೆ ಇದ್ದರು. ಬಾಗಿಲಿಗೆ ಬಂದವರು ಸಣ್ಣ ಮೈಕಟ್ಟಿನ ಒಬ್ಬ ಹಿರಿಯ ಹೆಂಗಸು. ಹಣೆ ಬರಿದಾಗಿತ್ತು. ತೀರಿಕೊಂಡವರ ಹೆಂಡತಿ ಇವರೇ ಎಂದು ತಿಳಿಯಿತು. ನಾನು ಫ್ರೇಮಿನವನು ಎಂದಾಗ ಒಳಗೆ ಕರೆದು, ಬಿಸಿಲಲ್ಲಿ ಬಂದಿದ್ದೀರಿ ಎಂದು ತಾವೇ ಲೋಟದಲ್ಲಿ ನೀರು, ಒಂದು ತುಂಡು ಬೆಲ್ಲ ತಂದುಕೊಟ್ಟರು. ಚಾವಡಿಯ ನಡುವೆ ಬಿಳಿ ಬಟ್ಟೆ ಹಾಸಿದ ಕುರ್ಚಿ, ಎದುರಿಗೆ ಕಾಲುದೀಪ, ತಟ್ಟೆಯಲ್ಲಿ ಬಿಡಿಸಿದ ಹೂ. ಫೋಟೋ ಒಂದು ಬರಬೇಕಿತ್ತು, ಅಷ್ಟೆ. ಆ ಮನೆಯಲ್ಲಿ ತೀರಿಕೊಂಡವರ ಬೇರೆ ದೊಡ್ಡ ಫೋಟೋ ಇರಲಿಲ್ಲ. ಬಂದವರೆಲ್ಲ ಊಟಕ್ಕೆ ಮುಂಚೆ ಹೂ ಹಾಕಿ ಕೈಮುಗಿಯಬೇಕಾದದ್ದು ಇದಕ್ಕೇ.

ಮಗಳು ಬಂದು ಕಾಗದ ಬಿಚ್ಚಿದಳು. ಮೂವತ್ತರ ಆಸುಪಾಸಿನವಳು, ಆರ್ಡರ್ ಹಾಕಿದವಳು ಅವಳೇ. ಸೋದರತ್ತೆ, ಎಂದರೆ ತೀರಿಕೊಂಡವರ ಅಕ್ಕ, ಪಕ್ಕದಲ್ಲಿ ನಿಂತು ದಾರ ಕತ್ತರಿಸಲಿಕ್ಕೆ ಕತ್ತಿ ಕೊಟ್ಟರು. ನಾನು ನೀರಿನ ಲೋಟ ಹಿಡಿದುಕೊಂಡೇ ನೋಡುತ್ತಿದ್ದೆ.

ಕಾಗದ ಸರಿಯಿತು. ಚಿನ್ನದ ಬಣ್ಣದ ಅಂಚು, ಹೊಳೆಯುವ ಗಾಜು, ಗಂಧದ ಹಾರ. ಹಾರದ ನಡುವೆ ನನಗೆ ನೀರು ತಂದುಕೊಟ್ಟ ಹೆಂಗಸು ನಗುತ್ತಿದ್ದರು.

ನನಗೆ ಮೊದಲು ಏನೂ ಅರ್ಥವಾಗಲಿಲ್ಲ. ಫೋಟೋ ನೋಡಿದೆ, ತಿರುಗಿ ಅವರ ಮುಖ ನೋಡಿದೆ, ಮತ್ತೆ ಫೋಟೋ ನೋಡಿದೆ. ಫೋಟೋದಲ್ಲಿ ಹಣೆಗೆ ಕುಂಕುಮ ಇತ್ತು, ತಲೆಯಲ್ಲಿ ಮಲ್ಲಿಗೆ ಇತ್ತು, ವ್ಯತ್ಯಾಸ ಅಷ್ಟೇ. ಬೇರೆ ಯಾರದ್ದೋ ಮನೆಯ ಫ್ರೇಮ್ ತಂದೆನೋ ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಮುಖ ಇದೇ ಮನೆಯದ್ದು. ಬದುಕಿರುವ ಹೆಂಗಸಿಗೆ, ಅವರ ಗಂಡನ ಉತ್ತರಕ್ರಿಯೆಯ ದಿನ, ಅವರ ಮನೆಯ ಚಾವಡಿಯಲ್ಲಿ, ನಾವು ಹಾರ ಹಾಕಿ ತಂದಿಟ್ಟಿದ್ದೆವು.

ಸೋದರತ್ತೆ ಸೆರಗಿನಿಂದ ಫೋಟೋವನ್ನು ಮುಚ್ಚಿಬಿಟ್ಟರು.

“ಜೀವ ಇರುವವಳಿಗೆ ಹಾರ ಹಾಕಿ ತಂದಿದ್ದೀರಲ್ಲ, ಎಂತ ಮನುಷ್ಯರು ನೀವು?” ಎಂದು ನನ್ನನ್ನು ಕೇಳಿದರು. ಅವರ ಸ್ವರ ಏರಿರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ತಡವರಿಸುತ್ತ, ನಮಗೆ ಬಂದದ್ದೇ ಈ ಫೋಟೋ, ನಾವು ಬದಲಿಸಿಲ್ಲ ಎಂದೆ. ಹೇಳುತ್ತಿದ್ದ ಹಾಗೆಯೇ ಅದು ಎಂಥ ಮಾತು ಎಂದು ನಾಚಿಕೆಯಾಯಿತು. ಮಗಳು ಸರಕ್ಕನೆ ತನ್ನ ಮೊಬೈಲ್ ತೆಗೆದು ಮೂಲ ಫೋಟೋ ತೋರಿಸಿದಳು. ಅವಳ ಮದುವೆಯ ದಿನದ್ದು. ತಂದೆ ತಾಯಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಯಾರೋ ಏನೋ ತಮಾಷೆ ಮಾಡಿರಬೇಕು, ಇಬ್ಬರೂ ಬಾಯಿತುಂಬ ನಗುತ್ತಿದ್ದರು, ತಾಯಿಯ ಕೈ ತಂದೆಯ ಭುಜದ ಮೇಲಿತ್ತು. ಆಮೇಲೆ ತಂದೆ ಕಾಯಿಲೆ ಬಿದ್ದರು, ಅವರು ನಕ್ಕ ಫೋಟೋ ಬೇರೆ ಇಲ್ಲವಂತೆ.

ನೀವು ಚೌಕ ಎಳೆದದ್ದು ಯಾರ ಸುತ್ತ ಎಂದು ಕೇಳಿದೆ.

“ಅಮ್ಮನ ಸುತ್ತ,” ಎಂದಳು. “ಅದರಲ್ಲಿ ಬರ್ದಿತ್ತಲ್ಲ, ಗೆರೆಯೊಳಗಿನ ಭಾಗವನ್ನು ಕತ್ತರಿಸಿ ಅಂತ. ಅಪ್ಪ ಉಳೀಬೇಕಿತ್ತು. ಅದಕ್ಕೆ ಅಮ್ಮನನ್ನು ಕತ್ತರಿಸಿದೆ.”

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತೆಂದು ಕಾಣುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಆಮೇಲೆ ಅಳುತ್ತ ಹೇಳಿದ್ದು ಇಷ್ಟು: ಅಮ್ಮನ ಮುಖದ ಸುತ್ತ ಗೆರೆ ಎಳೆಯುವಾಗಲೇ ಅವಳಿಗೆ ಒಂಥರ ಆಗಿತ್ತು. ಬೆಳಕಾದ ಭಾಗ ಹೋಗುತ್ತದೆ, ಕಪ್ಪಾದದ್ದು ಉಳಿಯುತ್ತದೆ, ತೀರಿಕೊಂಡವರಲ್ಲವೇ, ಅದಕ್ಕೆ ಕಪ್ಪು ಎಂದು ತಿಳಿದಿದ್ದಳು. ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತಿದ್ದಳು.

ಗೆರೆಯೊಳಗಿನ ಭಾಗವನ್ನು ಕತ್ತರಿಸಿ. ಎಷ್ಟು ಸಲ ಓದಿದ್ದೆ ಅದನ್ನು. ಬಟ್ಟೆಯಲ್ಲಿ ಕೊಳೆಯಾದ ಭಾಗ ಕತ್ತರಿಸು ಎಂದರೆ ಯಾರಾದರೂ ಕೊಳೆಯನ್ನು ಇಟ್ಟುಕೊಂಡು ಬಟ್ಟೆ ಬಿಸಾಡುತ್ತಾರೆಯೇ? ತರಕಾರಿಯಲ್ಲಿ ಹುಳ ತಿಂದದ್ದನ್ನು ಕತ್ತರಿಸು ಎಂದರೆ? ಕನ್ನಡ ಬಲ್ಲ ಯಾರೇ ಓದಿದರೂ ಅವಳು ಮಾಡಿದ್ದನ್ನೇ ಮಾಡಬೇಕು. ಕುರ್ಚಿ ಕಳಿಸಿದವರು ಆ ಖಾಲಿ ಕುರ್ಚಿ ಬೇಡ ಎಂದಿದ್ದರು. ಮೊಣಕೈ ಕಳಿಸಿದವರಿಗೆ ಪಕ್ಕದಲ್ಲಿ ನಿಂತವನು ಬೇಡವಾಗಿದ್ದ. ಬೆಕ್ಕು ಬೇಡವಾಗಿತ್ತು. ಅವರು ಬೇಡ ಎಂದದ್ದನ್ನೆಲ್ಲ ನಾವು ಜೋಪಾನವಾಗಿ ಇಟ್ಟುಕೊಂಡಿದ್ದೆವು. ನಾನು ಗುಣಾಕಾರ ಹುಡುಕುತ್ತ ಒಡೆದ ಮೊಬೈಲುಗಳನ್ನು ಉಜ್ಜುತ್ತಿದ್ದೆ. ಈ ಸಲ ಮಾತ್ರ ಬೇಡವೆಂದ ಭಾಗವೂ ಒಂದು ಚಂದದ ಮುಖವಾಗಿತ್ತು. ಹಾಗಾಗಿ ಪ್ರಿಂಟಿಂಗಿನ ಅಕ್ಕನಿಗೆ ಅನುಮಾನ ಬರಲಿಲ್ಲ. ಬಣ್ಣ ತಿದ್ದಿ, ಗಾಜು ಹಾಕಿ, ಹಾರ ಕಟ್ಟಿದರು. ತಂದೆಯವರ ಮುಖ ನಮ್ಮ ಅಂಗಡಿಗೆ ಬಂದೇ ಇರಲಿಲ್ಲ.

ಧಣಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು.

“ನೀನು ಅಲ್ಲಿಂದ ಅಲ್ಲಾಡ್ಬೇಡ,” ಎಂದರು. “ಸರಿಯಾದ ಫೋಟೋ ಕಳಿಸು. ಫ್ರೇಮ್ ನಾನೇ ತರ್ತೇನೆ.”

ಪುಟವನ್ನು ಈಗಲೇ ಮುಚ್ಚುತ್ತೇನೆ ಎಂದೆ. ಆರ್ಡರ್ ನಿಂತುಹೋಗುತ್ತದಲ್ಲ ಎಂದು ಅವರು ಕೇಳಲಿಲ್ಲ. ಪ್ರಿಂಟಾಗಿ ಕಟ್ಟಿಟ್ಟ ಒಂದು ಫ್ರೇಮನ್ನೂ ಹೊರಗೆ ಬಿಡಬೇಡಿ, ಪ್ರತಿ ಮನೆಗೂ ಫೋನ್ ಮಾಡಿ ಯಾರ ಫೋಟೋ ಎಂದು ಕೇಳಲಿಕ್ಕೆ ಹೇಳಿ ಎಂದೆ. ಹಿಂದಿನಿಂದ ಪ್ರಿಂಟಿಂಗಿನ ಅಕ್ಕನ ಸ್ವರ ಕೇಳಿಸಿತು. ಬೆಳಿಗ್ಗೆ ಹೊರಡಬೇಕಾಗಿದ್ದ ಇನ್ನೊಂದು ಫ್ರೇಮನ್ನು ಅವರು ಆಗಲೇ ಬಿಚ್ಚುತ್ತಿದ್ದರು.

ಪುಟ ಮುಚ್ಚುವ ಮೊದಲು ಕೊನೆಯ ಸಲ ಅದನ್ನೇ ಬಳಸಬೇಕಿತ್ತು. ಫೋಟೋ ಮಗಳ ಮೊಬೈಲಿನಲ್ಲಿತ್ತು, ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಕುಗ್ಗುತ್ತದೆ, ಅಳತೆ ಕೆಡದಂತೆ ಅಂಗಡಿಗೆ ಮುಟ್ಟಿಸಲಿಕ್ಕೆ ಅದೇ ನೇರ ದಾರಿ. ಅವಳು ಮೊಬೈಲನ್ನು ನನ್ನ ಕಡೆ ಚಾಚಿದಳು. ತಾನು ಇನ್ನು ಅದನ್ನು ಮುಟ್ಟುವುದಿಲ್ಲ ಎಂದಳು. ನಾನು ಜಗುಲಿಗೆ ಬಂದು ಕೂತೆ. ಹಿಂದೆಯೇ ಆ ಹಿರಿಯ ಹೆಂಗಸು ಬಂದು ಪಕ್ಕದಲ್ಲಿ ಕೂತರು. ನನಗೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

ತಂದೆಯ ಮುಖದ ಸುತ್ತ ಚೌಕ ಎಳೆದೆ. ಫ್ರೇಮಿನ ಅಳತೆಗೆ ಸರಿಯಾಗಿರಲೆಂದು ಚೌಕದ ಉದ್ದ ಅಗಲ ಬಿಗಿ ಮಾಡಿಟ್ಟಿದ್ದವನು ನಾನೇ. ಅದು ಬೇಕಾದ ಹಾಗೆ ಸಪೂರ ಆಗುವುದಿಲ್ಲ. ಎಡಕ್ಕೆ ಸರಿಸಿದರೆ ತಂದೆಯ ಭುಜ ತುಂಡಾಗುತ್ತಿತ್ತು, ಕಿವಿಯ ಹತ್ತಿರ ಗೆರೆ ಬರುತ್ತಿತ್ತು. ಬಲಕ್ಕೆ ಬಿಟ್ಟರೆ ಭುಜದ ಮೇಲಿನ ಕೈ ಒಳಗೆ ಬರುತ್ತಿತ್ತು. ಬಳೆ ಹಾಕಿದ ಕೈ, ಮಣಿಕಟ್ಟಿನವರೆಗೆ. ಎಷ್ಟು ಸಲ ಎಳೆದರೂ ಆ ಕೈ ಹೋಗಲಿಲ್ಲ.

ಸೋದರತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬದುಕಿರುವವಳ ಕೈ ಹಾರದ ಒಳಗೆ ಬರಬಾರದು ಎಂದರು. ಅದಕ್ಕೆ ದಾರಿ ಇದೆ, ಪ್ರಿಂಟಿಂಗಿನ ಅಕ್ಕ ಕಂಪ್ಯೂಟರಿನಲ್ಲಿ ಕೈಯನ್ನು ಅಳಿಸಿ ಅಲ್ಲಿ ಅಂಗಿಯ ಬಟ್ಟೆ ಬರುವ ಹಾಗೆ ಮಾಡುತ್ತಾರೆ, ಗೊತ್ತೇ ಆಗುವುದಿಲ್ಲ ಎಂದೆ. ಸುಳ್ಳಲ್ಲ, ಅವರು ದಿನಾ ಮಾಡುವ ಕೆಲಸ ಅದು. ಅಳಿಸುವಂತೆ ಹೇಳಲಿಕ್ಕೆ ಫೋನ್ ಎತ್ತಿದೆ.

“ಕೈ ಇರ್ಲಿ ಮಗ,” ಎಂದರು ಪಕ್ಕದಲ್ಲಿದ್ದವರು.

ಸೋದರತ್ತೆ ತುಳುವಿನಲ್ಲಿ ಏನೋ ಹೇಳಿದರು. ಇವರು ಅವರ ಕಡೆ ತಿರುಗಲೂ ಇಲ್ಲ. ಪರದೆಯನ್ನೇ ನೋಡುತ್ತ ಕನ್ನಡದಲ್ಲೇ ಹೇಳಿದರು, ನನಗೂ ತಿಳಿಯಲಿ ಎಂದೋ ಏನೋ.

“ಅದು ನಾನು ಇಟ್ಟ ಕೈ. ತೆಗೀಬೇಕಾದ್ರೆ ನಾನೇ ತೆಗೀತೇನೆ.”

ಚೌಕವನ್ನು ಸ್ವಲ್ಪ ಬಲಕ್ಕೆ ಸರಿಸಿ ಕೈ ಪೂರ್ತಿ ಒಳಗೆ ಬರುವ ಹಾಗೆ ಮಾಡಿದೆ. ಕೆಳಗೆ ‘ಗೆರೆಯೊಳಗಿನ ಭಾಗವನ್ನು ಕತ್ತರಿಸಿ’ ಎಂಬ ಗುಂಡಿ ಹೊಳೆಯುತ್ತಿತ್ತು. ನಾನೇ ಬರೆದ ಪ್ರೋಗ್ರಾಮು, ಅದು ಏನು ಮಾಡುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಒತ್ತಲಿಕ್ಕೆ ಬೆರಳು ಏಳಲಿಲ್ಲ. ಆ ಹೆಂಗಸಿನ ಎದುರು, ಅವರ ಗಂಡನ ಸುತ್ತ ಗೆರೆ ಎಳೆದು, ಕತ್ತರಿಸಿ ಎಂಬುದನ್ನು ಒತ್ತಬೇಕಲ್ಲ. ಹಿಂದಿನ ವಾರ ಮಗಳು ಕಣ್ಣು ಮುಚ್ಚಿಕೊಂಡದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಕೊನೆಗೆ ಒತ್ತಿದೆ. ಮರುಕ್ಷಣವೇ ಆ ಪುಟ ಇನ್ನು ಯಾರಿಗೂ ತೆರೆಯದಂತೆ ಮುಚ್ಚಿದೆ.

ನೆಂಟರು ಬರತೊಡಗಿದ್ದರು. ಬಂದವರು ಖಾಲಿ ಕುರ್ಚಿಯನ್ನೂ ಎದುರಿನ ದೀಪವನ್ನೂ ನೋಡಿ, ಪರಸ್ಪರ ಮುಖ ನೋಡಿ, ಹೊರಗೆ ಹೋಗಿ ಕೂರುತ್ತಿದ್ದರು. ಪ್ರತಿ ಸ್ಕೂಟರಿನ ಸದ್ದಿಗೂ ನಾನು ಗೇಟಿಗೆ ಓಡುತ್ತಿದ್ದೆ. ಹಿತ್ತಿಲಿನಿಂದ ಯಾರೋ ಅನ್ನ ಆಯಿತು ಎಂದು ಕೂಗಿದರು. ಅಷ್ಟರಲ್ಲಿ ಧಣಿ ಬಂದರು. ಹಿಂದಿನ ಸೀಟಿನಲ್ಲಿ ಪ್ರಿಂಟಿಂಗಿನ ಅಕ್ಕ, ಅವರ ತೊಡೆಯ ಮೇಲೆ ಫ್ರೇಮ್. ಕಾಗದ ಸುತ್ತಲಿಕ್ಕೂ ನಿಂತಿರಲಿಲ್ಲ, ಬರೀ ಒಂದು ಟವೆಲು ಮುಚ್ಚಿ ತಂದಿದ್ದರು.

ಧಣಿ ಚಪ್ಪಲಿ ಬಿಟ್ಟು ಜಗುಲಿಯ ಕೆಳಗೇ ನಿಂತರು. ನಮ್ಮಿಂದ ದೊಡ್ಡ ತಪ್ಪಾಯಿತು ಅಮ್ಮ ಎಂದು ಕೈಮುಗಿದರು. ಅವರು ಹಾಗೆ ಯಾರ ಎದುರೂ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ಆ ಹೆಂಗಸು ಊಟ ಮಾಡದೆ ಹೋಗಬಾರದು ಎಂದಷ್ಟೇ ಹೇಳಿದರು. ಟವೆಲು ತೆಗೆದು ಫ್ರೇಮನ್ನು ತಾವೇ ಕುರ್ಚಿಯ ಮೇಲಿಟ್ಟರು. ನಗುವ ಮುಖ, ಗಂಧದ ಹಾರ, ಭುಜದ ಮೇಲೆ ಬಳೆಯ ಕೈ. ಹೂ ಹಾಕಿದವರಲ್ಲಿ ಯಾರಾದರೂ ಆ ಕೈಯನ್ನು ಗಮನಿಸಿದರೋ ಇಲ್ಲವೋ, ಕೇಳಿದವರಂತೂ ಇಲ್ಲ.

ಹೊರಡುವಾಗ ಮೊದಲಿನ ಫ್ರೇಮನ್ನು ನಾನು ಎತ್ತಿಕೊಂಡೆ. ಅದನ್ನು ಆ ಮನೆಯಿಂದ ಆದಷ್ಟು ಬೇಗ ದಾಟಿಸಬೇಕಿತ್ತು. ಸೋದರತ್ತೆ ಅದನ್ನು ಕವುಚಿ ಗೋಡೆಗೆ ತಿರುಗಿಸಿ ಇಟ್ಟಿದ್ದರು. ಆ ಹೆಂಗಸು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ತಿರುಗಿಸಿ, ತಮ್ಮ ಮುಖವನ್ನು ತಾವೇ ಸ್ವಲ್ಪ ಹೊತ್ತು ನೋಡಿದರು.

“ನನ್ನದೊಂದು ಫೋಟೋ ಇಷ್ಟು ದೊಡ್ಡದು ಯಾರೂ ಮಾಡಿಸ್ಲಿಲ್ಲ,” ಎಂದರು. “ಇದು ಇಲ್ಲಿಯೇ ಇರ್ಲಿ. ಹಾರ ಮಾತ್ರ ತೆಗಿ.”

ಹಾರವನ್ನು ಹಿಂದಿನಿಂದ ಸಣ್ಣ ಮೊಳೆ ಹೊಡೆದು ಕಟ್ಟಿದ್ದರು. ಮಗಳು ಅಡುಗೆಯವರ ಹತ್ತಿರದಿಂದ ಇಕ್ಕಳ ತಂದಳು. ನಾನು ಮೊಳೆ ಕೀಳುವಾಗ ಅವಳು ಫ್ರೇಮನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕತ್ತರಿಸಿದ ಫೋಟೋವನ್ನು ತೋರಿಸುವ ಪುಟವನ್ನು ಮತ್ತೆ ಹಾಕಿದೆ, ಅದು ತಡವಾಗಿ ತೆರೆದರೂ ಪರವಾಗಿಲ್ಲ ಎಂದು. ಈಗ ಯಾವ ಫ್ರೇಮೂ ಮನೆಯವರ ಹತ್ತಿರ ಒಂದು ಮಾತು ಕೇಳದೆ ಅಂಗಡಿ ಬಿಟ್ಟು ಹೊರಡುವುದಿಲ್ಲ. ಎಡಗಡೆಯವರಾ ಬಲಗಡೆಯವರಾ ಎಂದು ಕೇಳುವುದನ್ನು ತಪ್ಪಿಸಲಿಕ್ಕೆ ಹೊರಟವರು ನಾವು, ತಿರುಗಿ ಅಲ್ಲಿಗೇ ಬಂದೆವು. ಗುಂಡಿಯ ಮೇಲಿನ ಅಕ್ಷರಕ್ಕೆ ಈ ಸಲ ಚಾ ಕುಡಿಯುತ್ತ ಕೂರಲಿಲ್ಲ. ‘ಗೆರೆಯೊಳಗಿನದು ಇರಲಿ’ ಎಂದು ಹಾಕಿ ಧಣಿಗೆ ತೋರಿಸಿದೆ. ಅವರು ಓದಿ ತಲೆಯಾಡಿಸಿದರು. ಆಮೇಲೆ ಖಾಲಿ ಕುರ್ಚಿ ಒಂದೂ ಬಂದಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಸಲ ಆ ಮನೆಯಿಂದ ಫೋನ್ ಬಂತು, ಫ್ರೇಮಿನ ಕೊಕ್ಕೆ ಸಡಿಲವಾಗಿದೆ ಎಂದು. ಹೊಸ ಕೊಕ್ಕೆ ಹಿಡಿದು ನಾನೇ ಹೋದೆ. ಚಾವಡಿಯ ಗೋಡೆಯಲ್ಲಿ ಎರಡು ಫ್ರೇಮುಗಳನ್ನೂ ಪಕ್ಕಪಕ್ಕ ತೂಗುಹಾಕಿದ್ದರು. ಎಡಗಡೆಯದ್ದಕ್ಕೆ ಹಾರ ಇತ್ತು, ಬಲಗಡೆಯದ್ದಕ್ಕೆ ಇರಲಿಲ್ಲ. ಬಲಗಡೆಯದ್ದರಲ್ಲಿ ಆ ಹೆಂಗಸಿನ ತೋಳು ಗೆರೆಯವರೆಗೆ ಬಂದು ನಿಂತಿತ್ತು. ಕೈ ಎಡಗಡೆಯದ್ದರಲ್ಲಿತ್ತು.